ಇಸ್ಸೋನ್ಯ ಕೋಟೆಯನ್ನೂ ಸೇರಿಸಬೇಕಿತ್ತು

ಇಟಲಿಯ ಆವೋಸ್ತಾ ಕಣಿವೆಯ ಮಧ್ಯಯುಗದ ಕೋಟೆಗಳನ್ನು ಪರಿಚಯಿಸುವ ಲೇಖನವೊಂದನ್ನು ಓದಿದೆ; ಅದು ಫೆನಿಸ್ ಮತ್ತು ಬಾರ್ಡ್ ಕೋಟೆಗಳಿಗಷ್ಟೇ ಜಾಗ ಕೊಟ್ಟಿದೆ. ಆದರೆ 1800ರಲ್ಲಿ ತನ್ನ ಸೈನ್ಯವನ್ನು ಸುಮಾರು ಎರಡು ವಾರ ತಡೆದ ಬಾರ್ಡ್ ಕೋಟೆಯನ್ನು ನೆಪೋಲಿಯನ್ ನೆಲಸಮ ಮಾಡಿಸಿದ್ದರಿಂದ, ಈಗ ಅಲ್ಲಿ ಕಾಣುವುದು 1830ರ ದಶಕದಲ್ಲಿ ಆ ಪ್ರದೇಶವನ್ನು ಆಳುತ್ತಿದ್ದ ಸವಾಯ್ ಅರಸರು ಕಟ್ಟಿಸಿದ ಕೋಟೆಯೇ ಹೊರತು ಮಧ್ಯಯುಗದ್ದಲ್ಲ. ಮಧ್ಯಯುಗದ ಕೊನೆಗಾಲದ ಬದುಕನ್ನು ಹತ್ತಿರದಿಂದ ಕಾಣಬಯಸುವವರು ಇದೇ ಕಣಿವೆಯ ಪಾಳೆಯಗಾರರಾದ ಶಾಲಾನ್ ಮನೆತನದ ಇಸ್ಸೋನ್ಯ ಕೋಟೆಗೆ ಹೋಗಬೇಕು, ಅಂಗಳದಲ್ಲಿ ಕಬ್ಬಿಣದ ದಾಳಿಂಬೆ ಗಿಡದ ಕಾರಂಜಿ, ಮೊಗಸಾಲೆಯ ಕಮಾನುಗಳಡಿ ಮಾಂಸದಂಗಡಿ, ಔಷಧದಂಗಡಿ, ದರ್ಜಿಯಂಗಡಿಗಳ ಭಿತ್ತಿಚಿತ್ರಗಳು, ಗೋಡೆಗಳ ಮೇಲೆ ಹಳೆಯ ಕಾಲದವರು ಗೀಚಿಟ್ಟ ಬರಹಗಳು (ಈ ಚಾಳಿ ನಮ್ಮವರದಷ್ಟೇ ಅಲ್ಲ!) ಅಲ್ಲಿವೆ. ಡೋರಾ ಬಾಲ್ತೆಯಾ ನದಿಯ ಆಚೆ ದಡದ ವೆರ್ರೆಸ್ ಕೋಟೆಯಾದರೋ ಪ್ರತಿ ಬದಿಯೂ ಸುಮಾರು 30 ಮೀಟರ್ ಇರುವ, ಅಲಂಕಾರದ ಗೊಡವೆಯಿಲ್ಲದ ಘನಾಕೃತಿಯ ಕಲ್ಲಿನ ಕಟ್ಟಡ. ಎರಡನ್ನೂ ಒಂದೇ ದಿನ ನೋಡಬಹುದು.