ನಾರು ಬೇಕು, ಆದರೆ ಮೊದಲ ದಿನದಿಂದ ಅಲ್ಲ

ನಿಮ್ಮ ಲೇಖನದಲ್ಲಿ, ದೊಡ್ಡ ಕರುಳಿನ ಕ್ಯಾನ್ಸರ್ ಆಪರೇಷನ್ ಆದವರು ಮನೆಗೆ ಬಂದ ದಿನದಿಂದಲೇ ಸೊಪ್ಪು, ಹಸಿ ತರಕಾರಿ ಜಾಸ್ತಿ ತಿನ್ನಬೇಕು ಎಂದು ಬರೆದಿದ್ದೀರಿ. ಆ ಒಂದು ಮಾತನ್ನು ದಯವಿಟ್ಟು ತಿದ್ದಿ. ಕರುಳು ಕತ್ತರಿಸಿ ಜೋಡಿಸಿದ ಜಾಗ ಮಾಗಬೇಕು, ಬಾವು ಇಳಿಯಬೇಕು ಅಲ್ವಾ? ಅದಕ್ಕೇ ಮೊದಲ 4ರಿಂದ 6 ವಾರ ನಾರು ಕಡಿಮೆ ಇರುವ ಮೆತ್ತನೆಯ ಊಟವನ್ನೇ ಸಾಮಾನ್ಯವಾಗಿ ಹೇಳುತ್ತಾರೆ.

ನಮ್ಮದು ಕಾಸರಗೋಡು. ಅಪ್ಪನಿಗೆ ಮಂಗಳೂರಿನಲ್ಲಿ ಆಪರೇಷನ್ ಆಯಿತು. ಮೂರನೇ ವಾರ ನೆಂಟರೊಬ್ಬರು ಪ್ರೀತಿಯಿಂದ ಹಲಸಿನಕಾಯಿ ಪಲ್ಯ ತಂದರು. ಆ ರಾತ್ರಿ ಅಪ್ಪ ಹೊಟ್ಟೆ ಉಬ್ಬಿ, ಚಾವಡಿಯ ಕಂಬ ಹಿಡಿದು ಬಗ್ಗಿ ನಿಂತಿದ್ದರು. ಮಾತೇ ಹೊರಡುತ್ತಿರಲಿಲ್ಲ. ಆಮೇಲೆ ಅಮ್ಮ ಕುಚ್ಚಲಕ್ಕಿ ಬಿಟ್ಟು ಬೆಳ್ತಿಗೆ (ಬಿಳಿ) ಅಕ್ಕಿಯ ಗಂಜಿ ನುಣ್ಣಗೆ ಬೇಯಿಸಿ, ದಿನಕ್ಕೆ ಆರು ಸಲ ಸ್ವಲ್ಪ ಸ್ವಲ್ಪವೇ ಕೊಟ್ಟರು. ಜೊತೆಗೆ ಬೇಯಿಸಿದ ಮೊಟ್ಟೆ, ಮೀನು. ಗಾಯ ಮಾಗಲು ಪ್ರೋಟೀನ್ ಬೇಕೇ ಬೇಕು, ಅದನ್ನು ನೀವು ಬರೆದೇ ಇಲ್ಲ. ಸೊಪ್ಪು ಶುರು ಮಾಡಿದ್ದು ಎರಡು ತಿಂಗಳ ನಂತರ, ಒಂದೊಂದಾಗಿ.

ಇನ್ನೊಂದು ವಿಷಯವನ್ನೂ ಸೇರಿಸಿ. ಕೀಮೋದಲ್ಲಿ ಆಕ್ಸಾಲಿಪ್ಲಾಟಿನ್ ಎಂಬ ಔಷಧಿ ಹಾಕಿಸಿಕೊಂಡವರು ಕೆಲವು ದಿನ ತಣ್ಣಗಿನದ್ದನ್ನು ಕುಡಿಯಬಾರದು, ಮುಟ್ಟಲೂಬಾರದು. ಫ್ರಿಜ್ಜಿನಿಂದ ತೆಗೆದ ಸ್ಟೀಲ್ ಲೋಟ ಹಿಡಿದದ್ದಷ್ಟೇ, ಅಪ್ಪನ ಬೆರಳುಗಳು ಜುಂ ಎಂದು ಲೋಟ ಕೈಜಾರಿ ಬಿತ್ತು.