ಚಿನ್ನದ ಗಟ್ಟಿಗೆ ಲೆಕ್ಕವಿತ್ತು

ಏಪ್ರಿಲ್ ನಡುವಿನ ಒಂದು ವಾರ ದೇಶದ ತುಂಬಾ ಅಗ್ನಿಶಾಮಕ ಸೇವಾ ಸಪ್ತಾಹ. ನಮ್ಮ ಆಫೀಸಿನಲ್ಲೂ ಗಂಟೆ ಬಾರಿಸುತ್ತಾರೆ, ಎಲ್ಲರೂ ಮೆಟ್ಟಿಲಿಳಿದು ಕೆಳಗೆ ಬರುತ್ತೇವೆ, ಎದುರಿನ ಅಂಗಡಿಯಲ್ಲಿ ಒಂದು ಚಹಾ ಕುಡಿದು ಮತ್ತೆ ಮೇಲೆ ಹೋಗುತ್ತೇವೆ. ಈ ವಾರವೇ ಯಾಕೆ ಅಂತ ಈ ಸಲ ಪಕ್ಕದ ಸೀಟಿನ ಹುಡುಗ ಕೇಳಿದ. ಸುತ್ತ ನಿಂತಿದ್ದ ಹತ್ತು ಹನ್ನೆರಡು ಜನರಲ್ಲಿ ಒಬ್ಬರಿಗೂ ಗೊತ್ತಿರಲಿಲ್ಲ. ನನಗೆ ಗೊತ್ತಿದ್ದದ್ದು ಅಜ್ಜನ ದೆಸೆಯಿಂದ.

1944ರ ಏಪ್ರಿಲ್ 14. ಮುಂಬಯಿಯ ವಿಕ್ಟೋರಿಯಾ ಡಾಕ್‌ನಲ್ಲಿ ಫೋರ್ಟ್ ಸ್ಟಿಕೀನ್ ಎಂಬ ಹಡಗು ನಿಂತಿತ್ತು. ಇಂಗ್ಲೆಂಡಿನಿಂದ ಸುಮಾರು 1,400 ಟನ್ ಮದ್ದುಗುಂಡು ಹೊತ್ತು ಬಂದದ್ದು, ದಾರಿಯಲ್ಲಿ ಕರಾಚಿಯಲ್ಲಿ ಸಾವಿರಾರು ಹತ್ತಿ ಬೇಲುಗಳನ್ನೂ ಎಣ್ಣೆಯನ್ನೂ ತುಂಬಿಕೊಂಡಿತ್ತು. ಹತ್ತಿ, ಎಣ್ಣೆ, ಮದ್ದು ಒಟ್ಟಿಗೆ! ನಮ್ಮೂರಿನ ಕಿರಾಣಿ ಅಂಗಡಿಯವನೂ ಸೀಮೆಎಣ್ಣೆ ಡಬ್ಬಿಯನ್ನು ಪಟಾಕಿ ಪಕ್ಕ ಇಡುವುದಿಲ್ಲ. ಆದರೆ ಯುದ್ಧದ ಕಾಲ, ಹಡಗಿನಲ್ಲಿ ಒಂದಡಿ ಜಾಗವನ್ನೂ ಖಾಲಿ ಬಿಡುವ ಹಾಗಿರಲಿಲ್ಲ. ಮಧ್ಯಾಹ್ನದ ಹೊತ್ತಿಗೆ ಹತ್ತಿಗೆ ಬೆಂಕಿ ಹಿಡಿಯಿತು. ಅಗ್ನಿಶಾಮಕ ದಳದವರು ನೀರು ಸುರಿದದ್ದೇ ಸುರಿದದ್ದು. 4 ಗಂಟೆ 6 ನಿಮಿಷಕ್ಕೆ ಮೊದಲ ಸ್ಫೋಟ, ಅರ್ಧ ಗಂಟೆಯೊಳಗೆ ಎರಡನೆಯದು. ಅದರ ನಡುಕ ಶಿಮ್ಲಾದ ಭೂಕಂಪ ಮಾಪಕದಲ್ಲೂ ದಾಖಲಾಯಿತು. ಸತ್ತ ಅಗ್ನಿಶಾಮಕ ಸಿಬ್ಬಂದಿ 66 ಜನ. ಸಪ್ತಾಹ ಅವರ ನೆನಪಿಗೆ.

ಅಜ್ಜ ಆಗ ಮಸ್ಜಿದ್ ಬಂದರ್ ಹತ್ತಿರದ ಒಂದು ಹೋಟೆಲಿನಲ್ಲಿ ಕಪ್ಪು ಬಸಿ ತೊಳೆಯುವ ಹುಡುಗ. ಊರು ಬಿಟ್ಟು ಎರಡು ವರ್ಷವೂ ಆಗಿರಲಿಲ್ಲ. ಇದರ ಬಗ್ಗೆ ಅವರು ಹೆಚ್ಚು ಹೇಳಿದ್ದೇ ಇಲ್ಲ. "ಆಕಾಶದಿಂದ ಹತ್ತಿ ಉರೀತಾ ಬೀಳ್ತಿತ್ತು ಮಗಾ" ಅನ್ನುವುದು ಒಂದು ಮಾತು. ಡಾಕಿಗೆ ಚಹಾ ಒಯ್ಯುತ್ತಿದ್ದ ಕುಂದಾಪುರ ಕಡೆಯ ಹುಡುಗ ಮತ್ತೆ ಬರಲಿಲ್ಲ ಅನ್ನುವುದು ಇನ್ನೊಂದು. ಅಷ್ಟು ಹೇಳಿ ಎಲೆಯಡಿಕೆ ಚೀಲ ಬಿಚ್ಚಿದರೆಂದರೆ ಆ ಸುದ್ದಿ ಮುಗಿದ ಹಾಗೆ.

ಇದರ ಬಗ್ಗೆ ಪುಸ್ತಕ ಹುಡುಕಲು ಹೊರಟ ನನಗೆ ಮೊದಲು ಸಿಕ್ಕಿದ್ದು ಮುಂಬಯಿಯಲ್ಲ, ಕೆನಡಾದ ಹ್ಯಾಲಿಫ್ಯಾಕ್ಸ್. 1917ರ ಡಿಸೆಂಬರ್ 6, ಮೊದಲ ಮಹಾಯುದ್ಧ. ಮದ್ದು ತುಂಬಿದ ಫ್ರೆಂಚ್ ಹಡಗು ಮೋಂ ಬ್ಲಾಂಗೆ ನಾರ್ವೆಯ ಇಮೊ ಹಡಗು ಬಂದರಿನ ಇಕ್ಕಟ್ಟಿನಲ್ಲಿ ಡಿಕ್ಕಿ ಹೊಡೆಯಿತು. ಬೆಂಕಿ ಎದ್ದು ಇಪ್ಪತ್ತು ನಿಮಿಷವಾಗುವುದರೊಳಗೆ ಊರಿನ ಉತ್ತರ ಭಾಗವೇ ನೆಲಸಮ. ಹೊಗೆ ನೋಡಲು ಜನ ಕಿಟಕಿಗೆ ಮುಖ ಇಟ್ಟು ನಿಂತಿದ್ದರು. ಗಾಜು ಸಿಡಿದು ಸಾವಿರಾರು ಜನರ ಕಣ್ಣಿಗೆ ಗಾಯ, 41 ಜನ ಪೂರ್ತಿ ಕುರುಡರಾದರು. ಮರುದಿನ ಹಿಮದ ಬಿರುಗಾಳಿ ಬೇರೆ.

ಈ ಒಂದು ಸ್ಫೋಟದ ಮೇಲೆ ಒಂದು ಕಪಾಟು ತುಂಬುವಷ್ಟು ಪುಸ್ತಕಗಳಿವೆ. ಮೂರೇ ವರ್ಷದಲ್ಲಿ, 1920ರಲ್ಲಿ, ಅಲ್ಲಿನ ಪಾದ್ರಿ ಸ್ಯಾಮ್ಯುಯೆಲ್ ಹೆನ್ರಿ ಪ್ರಿನ್ಸ್ ತಮ್ಮ ಪಿಎಚ್‌ಡಿ ಪ್ರಬಂಧವನ್ನು ಪುಸ್ತಕ ಮಾಡಿದರು. ವಿಪತ್ತು ಬಡಿದ ಊರು ಆಮೇಲೆ ಹೇಗೆ ಬದಲಾಗುತ್ತದೆ ಎಂಬ ಅಧ್ಯಯನಕ್ಕೆ ಅದೇ ಮೊದಲ ಮೆಟ್ಟಿಲು ಅನ್ನುತ್ತಾರೆ. ಓದಲು ಒಣ ಒಣ, ನಾನು ಅರ್ಧಕ್ಕೇ ಬಿಟ್ಟೆ. 1941ರಲ್ಲಿ ಹ್ಯೂ ಮ್ಯಾಕ್ಲೆನನ್ ಅವರ ಕಾದಂಬರಿ 'ಬ್ಯಾರೋಮೀಟರ್ ರೈಸಿಂಗ್' ಬಂತು. ಸ್ಫೋಟವಾದಾಗ ಲೇಖಕರಿಗೆ ಹತ್ತು ವರ್ಷ, ಅದೇ ಊರಿನಲ್ಲಿದ್ದರು. ಸ್ಫೋಟದ ಪುಟಗಳನ್ನು ಓದುವಾಗ ಕಿವಿ ಗುಂಯ್ ಅನ್ನುತ್ತದೆ. ಪ್ರೇಮಕಥೆ ಮಾತ್ರ ಸಪ್ಪೆ, ಜೊತೆಗೆ ಖಳನಾಯಕನನ್ನು ಸ್ಫೋಟವೇ ಮುಗಿಸಿ ಲೇಖಕರಿಗೆ ಅನುಕೂಲ ಮಾಡಿಕೊಡುತ್ತದೆ. (ಕಥೆ ಹೇಳಿಬಿಟ್ಟೆ, ಎಂಬತ್ತು ವರ್ಷದ ಮೇಲಿನ ಪುಸ್ತಕ, ಕ್ಷಮಿಸಿ.)

ನನ್ನನ್ನು ಹಿಡಿದು ಕೂರಿಸಿದ್ದು ಜಾನೆಟ್ ಕಿಟ್ಜ್ 1989ರಲ್ಲಿ ಬರೆದ 'ಶ್ಯಾಟರ್ಡ್ ಸಿಟಿ'. ಅದರ ಹಿಂದಿನ ಕಥೆ ಕೇಳಿ. ಸ್ಫೋಟದಲ್ಲಿ ಸತ್ತವರ ಹೆಣಗಳನ್ನು ಒಂದು ಶಾಲೆಯಲ್ಲಿ ಇಟ್ಟಿದ್ದರು. ಪ್ರತಿ ಹೆಣಕ್ಕೆ ಒಂದು ಸಂಖ್ಯೆ, ಅದೇ ಸಂಖ್ಯೆಯ ಒಂದು ಬಟ್ಟೆ ಚೀಲ, ಮೈಮೇಲೆ ಸಿಕ್ಕಿದ ವಸ್ತುಗಳೆಲ್ಲ ಅದರೊಳಗೆ. ಈ ಪದ್ಧತಿ ಆ ಊರಿಗೆ ಹೊಸದಲ್ಲ. ಐದು ವರ್ಷ ಮೊದಲು ಟೈಟಾನಿಕ್ ಮುಳುಗಿದಾಗ ಹೆಣಗಳನ್ನು ತಂದದ್ದು ಅಲ್ಲಿಗೇ, ಆಗ ಹುಟ್ಟಿದ ಪದ್ಧತಿ ಇದು. ವಾರಸುದಾರರು ಬಾರದ ಚೀಲಗಳು ಶಾಸನಸಭೆಯ ನೆಲಮಾಳಿಗೆ ಸೇರಿ ಆರು ದಶಕಕ್ಕೂ ಹೆಚ್ಚು ಕಾಲ ಹಾಗೇ ಇದ್ದವು. ಕಿಟ್ಜ್ ಅವನ್ನು ಒಂದೊಂದಾಗಿ ಬಿಚ್ಚಿ ಪಟ್ಟಿ ಮಾಡಿದರು. ಗೋಲಿ, ಪೆನ್ಸಿಲ್, ಬೀಗದ ಕೈ. ಆಮೇಲೆ ಬದುಕುಳಿದ ಮುದುಕ ಮುದುಕಿಯರನ್ನು ಹುಡುಕಿಕೊಂಡು ಹೋಗಿ ಮಾತಾಡಿಸಿದರು. ಆ ಊರು ಸತ್ತವರ ಹೆಸರಿಗೆಂದೇ ಒಂದು ಸ್ಮರಣೆ ಪುಸ್ತಕ ಇಟ್ಟಿದೆ, ಅದರಲ್ಲಿ 1,782 ಹೆಸರು.

ಹಾಗಂತ ಹ್ಯಾಲಿಫ್ಯಾಕ್ಸಿನವರು ಸತ್ಯ ಹರಿಶ್ಚಂದ್ರರೇನಲ್ಲ. ಬಂದರಿನ ಆಚೆ ದಡದಲ್ಲಿ ಟರ್ಟಲ್ ಗ್ರೋವ್ ಎಂಬ ಮಿಕ್‌ಮಾಕ್ ಮೂಲನಿವಾಸಿಗಳ ಪುಟ್ಟ ನೆಲೆಯಿತ್ತು. ಅದು ಅಂದೇ ಅಳಿಸಿಹೋಯಿತು, ಹಳೆಯ ಪುಸ್ತಕಗಳಲ್ಲಿ ಅದಕ್ಕೆ ಸಿಕ್ಕ ಜಾಗ ಅಷ್ಟಕ್ಕಷ್ಟೇ.

ಈಗ ಮುಂಬಯಿಗೆ ಬನ್ನಿ. ಇಲ್ಲಿ ಬ್ರಿಟಿಷ್ ಸರ್ಕಾರ ಸುದ್ದಿಯನ್ನೇ ಅದುಮಿಟ್ಟಿತು. ಜಪಾನೀಯರ ಹಿಡಿತದಲ್ಲಿದ್ದ ಸೈಗಾನ್ ರೇಡಿಯೊ ಮರುದಿನವೇ ಹೇಳಿದ ಸುದ್ದಿಯನ್ನು ಬರೆಯಲು ನಮ್ಮ ಪತ್ರಿಕೆಗಳಿಗೆ ಮೇ ತಿಂಗಳವರೆಗೆ ಅಪ್ಪಣೆ ಸಿಗಲಿಲ್ಲ. ನನಗೆ ಸಿಕ್ಕ ಇಡೀ ಪುಸ್ತಕ ಒಂದೇ, 1959ರಲ್ಲಿ ಜಾನ್ ಎನ್ನಿಸ್ ಬರೆದದ್ದು. ಒಳ್ಳೆಯ ಪುಸ್ತಕ, ನಿಜ. ಆದರೆ ಅದನ್ನು ಬರೆದವರು ಹೊರಗಿನವರು, ಅದೂ ಘಟನೆ ನಡೆದು ಹದಿನೈದು ವರ್ಷಕ್ಕೆ. ತಮಾಷೆ ನೋಡಿ, ಫೋರ್ಟ್ ಸ್ಟಿಕೀನ್ ಕಟ್ಟಿದ್ದೂ ಕೆನಡಾದಲ್ಲೇ. ಒಂದು ಹ್ಯಾಲಿಫ್ಯಾಕ್ಸ್ ಕಂಡ ದೇಶ ಇನ್ನೊಂದಕ್ಕೆ ಹಡಗು ಕೊಟ್ಟಿತು.

ಆ ಹಡಗಿನಲ್ಲಿ ಚಿನ್ನವೂ ಇತ್ತು. 31 ಪೆಟ್ಟಿಗೆ, ಪೆಟ್ಟಿಗೆಗೆ ನಾಲ್ಕು ಗಟ್ಟಿಯಂತೆ 124 ಗಟ್ಟಿ. ಸ್ಫೋಟಕ್ಕೆ ಹಾರಿದ ಒಂದು ಗಟ್ಟಿ ದೂರದ ಪಾರ್ಸಿ ಗೃಹಸ್ಥರ ಮನೆಯ ಮಾಡು ತೂತು ಮಾಡಿ ಒಳಗೆ ಬಿತ್ತು, ಅವರು ಅದನ್ನು ಹಿಂದಿರುಗಿಸಿದರು. ಡಾಕಿನ ಹೂಳೆತ್ತುವಾಗ ಎಷ್ಟೋ ವರ್ಷ ಆದಮೇಲೂ ಗಟ್ಟಿಗಳು ಸಿಕ್ಕಿವೆ. ಈ ಸ್ಫೋಟದ ಮಾತೆತ್ತಿದವರೆಲ್ಲ ಚಿನ್ನದ ಕಥೆ ಹೇಳದೆ ಬಿಡುವುದಿಲ್ಲ. ನಾನೂ ಈಗ ಹೇಳಿದೆನಲ್ಲ!

ಸತ್ತವರೆಷ್ಟು? 800ರಿಂದ 1,300. ಅಂದರೆ ಐನೂರು ಜನರಷ್ಟು ಅಂದಾಜು, ಬದುಕಿದ್ದರೋ ಸತ್ತರೋ ಅಂತ ಯಾರಿಗೂ ಹೇಳಲಾಗದಷ್ಟು. ಅಗ್ನಿಶಾಮಕದವರು ಹಾಜರಿ ಪುಸ್ತಕದಲ್ಲಿದ್ದರು, 66 ಅಂತ ಸರಿಯಾಗಿ ಸಿಕ್ಕರು. ದಿನಗೂಲಿಯ ಹಮಾಲರು, ಗೋದಾಮಿನಲ್ಲಿ ಮಲಗುತ್ತಿದ್ದವರು, ಚಹಾ ಹುಡುಗರು, ಇವರ ಹಾಜರಿ ಬರೆದವರು ಯಾರು? ಚೀಲ ಇಡದ ಊರಿನಲ್ಲಿ ಕಿಟ್ಜ್ ಹುಟ್ಟಿದರೂ ಬಿಚ್ಚಲು ಏನಿರುತ್ತಿತ್ತು? ನಮ್ಮಲ್ಲಿ ಬರೆಯುವವರಿಲ್ಲ ಎಂದು ಗೊಣಗುವವರಿಗೆ ನನ್ನ ಉತ್ತರ ಇಷ್ಟೇ. ಆದರೆ ಇದು ಅರ್ಧ ಉತ್ತರ, ಅದೂ ನನಗೆ ಗೊತ್ತು. ಕರಾವಳಿಯಿಂದ ಮುಂಬಯಿಗೆ ಹೋದ ಮನೆಗಳಲ್ಲಿ ಪತ್ರಗಳಿದ್ದವು, ಮನಿಯಾರ್ಡರ್ ರಸೀದಿಗಳಿದ್ದವು, ನೆನಪಿದ್ದ ಮುದುಕರಿದ್ದರು. ನಮ್ಮಜ್ಜನೇ ಇದ್ದರು, ನನಗೆ ಇಪ್ಪತ್ತೆರಡಾಗುವವರೆಗೂ. ಆ ಕುಂದಾಪುರದ ಹುಡುಗನ ಹೆಸರು ಅವರಿಗೆ ಗೊತ್ತಿತ್ತು, ಒಂದೇ ಕೋಣೆಯಲ್ಲಿ ಮಲಗುತ್ತಿದ್ದವರು. ನಾನು ಕೇಳಲಿಲ್ಲ.

ಕುಂದಾಪುರ, ಬೈಂದೂರು, ಕೋಟ ಕಡೆಯವರು ಇಲ್ಲಿ ತುಂಬಾ ಜನ ಇದ್ದೀರಿ. ಮುಂಬಯಿ ಹೋಟೆಲಿಗೆಂದು ಹೋಗಿ 1944ರ ಬೇಸಿಗೆಯ ಆಮೇಲೆ ಪತ್ರವೇ ಬಾರದ ಅಜ್ಜನ ತಮ್ಮನೋ, ಅಜ್ಜಿಯ ಅಣ್ಣನೋ ನಿಮ್ಮ ಮನೆಯಲ್ಲಿ ಯಾರಾದರೂ ಇದ್ದರೆ ಹೆಸರೊಂದನ್ನು ಕೆಳಗೆ ಬರೆಯಿರಿ.