ಆರತಿಗೊಂದು ಸಾಲ, ಕೀರ್ತಿಗೊಂದು ಸಾಲ

ಗುಳೇದಗುಡ್ಡದ ನಮ್ಮ ಓಣಿಯಲ್ಲಿ ಮಂಗಳವಾರ ಬೆಳಿಗ್ಗೆ ಮಗ್ಗದ ಸದ್ದು ನಿಂತರೆ ಕಂತಿನ ಸಾರ್ ಬೈಕ್ ಬಂತು ಅಂತ ಅರ್ಥ. ಮೈಕ್ರೋಫೈನಾನ್ಸ್ ಕಂಪನಿಯಿಂದ ಸಾಲ ಎತ್ತಿದ ಸಂಘದ ಹತ್ತು ಹೆಂಗಸರು ಕಟ್ಟೆ ಮೇಲೆ ಕೂರುತ್ತಾರೆ. ಒಬ್ಬಳು ಕಂತು ತುಂಬದಿದ್ದರೆ ಉಳಿದ ಒಂಬತ್ತು ಜನ ತುಂಬಬೇಕು.

ಹಾಗಾಗಿ ಯಾವ ಸೊಸೆ ಹುಣಸೆಕಾಯಿ ಕಚ್ಚಿದಳು ಅಂತ ಈಗ ಅತ್ತೆಗಿಂತ ಮೊದಲು ಸಂಘದ ಲೀಡರ್‌ಗೆ ಗೊತ್ತಾಗುತ್ತದೆ. ಹೋದ ಮಳೆಗಾಲದಲ್ಲಿ ಒಬ್ಬಳಿಗೆ ಕಟ್ಟೆ ಮೇಲೇ ವಾಂತಿ ಬಂತು.

"ಯವ್ವಾ, ವಿಶೇಷ ಏನಾರ ಐತೇನ?"

"ಇಲ್ಲ ಬಿಡಕ್ಕ, ಪಿತ್ತ ಆಗೈತಿ."

ಒಂಬತ್ತೂ ಜನ ಉಸಿರು ಬಿಟ್ಟರು. ಅವಳು ಹಡೆಯಾಕ ತವರಿಗೆ ಹೋದರೆ ಕಂತು ಯಾರ ಅಪ್ಪ ತುಂಬಬೇಕು?

ಇಂಥದೇ ಸಂಘದ ಸಾಲ ಕೊಡುವ ಬಾಂಗ್ಲಾದೇಶದ ಗ್ರಾಮೀಣ ಬ್ಯಾಂಕ್ 1984ರಲ್ಲಿ ಸಾಲಗಾರರಿಗೆ ಹದಿನಾರು ಸಂಕಲ್ಪ ಹೇಳಿಕೊಟ್ಟಿತು. ವರ್ಷವಿಡೀ ತರಕಾರಿ ಬೆಳೆಯಬೇಕು, ಸಂಸಾರ ಚಿಕ್ಕದಿರಬೇಕು, ಹೀಗೆ. ಇಥಿಯೋಪಿಯಾದಲ್ಲಿ ಸಾಲವನ್ನೂ ಕುಟುಂಬ ಯೋಜನೆಯನ್ನೂ ಜೋಡಿಸಿ ಕೊಟ್ಟು ಅಧ್ಯಯನ ಮಾಡಿದರು. ಗರ್ಭನಿರೋಧಕ ಬಳಸುವವರು ಜಾಸ್ತಿ ಆಗಲಿಲ್ಲ. ಸುಮ್ನೆ ಅಷ್ಟು ದೂರ ಹೋದರು. ನಮ್ಮಲ್ಲಿ ಗುಳಿಗೆ ಬೇಡ, ಮಂಗಳವಾರ ಒಂದೇ ಸಾಕು.

ರಿಸರ್ವ್ ಬ್ಯಾಂಕ್ ಇನ್ನೂ ಒಂದು ಹೆಜ್ಜೆ ಮುಂದೆ. ಅದರ 2022ರ ಮೈಕ್ರೋಫೈನಾನ್ಸ್ ನಿಯಮದಲ್ಲಿ ಕುಟುಂಬ ಅಂದರೆ ಗಂಡ, ಹೆಂಡತಿ, ಮದುವೆಯಾಗದ ಮಕ್ಕಳು. ಅತ್ತೆ ಲೆಕ್ಕಕ್ಕಿಲ್ಲ! ಎಷ್ಟೋ ಸೊಸೆಯಂದಿರ ಹರಕೆ ಮುಂಬೈನಲ್ಲಿ ಈಡೇರಿತು. ಕಂತು ತಪ್ಪಿದ ದಿನ ಮಾತ್ರ ಅತ್ತೆ ಮತ್ತೆ ಕುಟುಂಬಕ್ಕೆ ಸೇರುತ್ತಾಳೆ. ಅಡವು ಇಡುವುದು ಅವಳ ಬುಗುಡಿಯನ್ನೇ ಅಲ್ವಾ?

ಮಕ್ಕಳ ನಡುವೆ ಅಂತರವಿರಲಿ ಅಂತ ದವಾಖಾನೆ ಗೋಡೆ ಹೇಳುತ್ತದೆ. ಸಾಲಗಳ ನಡುವೆ? ಹಿರೇ ಸಾಲದ ಕಂತಿಗೆ ಕಿರೇ ಸಾಲ, ಅದರ ಕಂತಿಗೆ ಇನ್ನೊಂದು ಕೂಸು. ಕೊನೆಗೆ ಸಾಲ ಕೊಡುವ ಕಂಪನಿಗಳ ಒಕ್ಕೂಟವೇ 2025ರ ಏಪ್ರಿಲ್‌ನಿಂದ ಒಬ್ಬರಿಗೆ ಮೂರು ಕಂಪನಿಯ ಸಾಲ ಸಾಕು ಎಂದಿತು. ಆರತಿಗೊಂದು, ಕೀರ್ತಿಗೊಂದು ಸರಿ. ಮೂರನೆಯದು ಯಾತಕ್ಕೋ.

ಅಂದಹಾಗೆ, ಆ ಪಿತ್ತಕ್ಕೆ ಈಗ ಏಳು ತಿಂಗಳು. ಕುಬಸಕ್ಕೆ, ಅಂದರೆ ಸೀಮಂತಕ್ಕೆ, ಹೊಸ ಸಾಲ ಎತ್ತಿದ್ದಾಳೆ. ಅರ್ಜಿಯಲ್ಲಿ ಬರೆದ ಕಾರಣ: ಎಮ್ಮೆ ಖರೀದಿ. ಫೋಟೋ ಬೇಕು ಎಂದರು ಸಾರ್. ಪಕ್ಕದ ಮನೆಯ ಎಮ್ಮೆಯ ಹಗ್ಗ ಹಿಡಿದು ನಿಂತಳು. ಆ ಎಮ್ಮೆ ಈ ವರ್ಷ ಫೋಟೋಕ್ಕೆ ನಿಂತಿದ್ದು ಇದು ಆರನೇ ಸಲ. ಸಾರ್ ಅದರ ಹೊಟ್ಟೆ ನೋಡಿ, "ಇದೂ ಗಬ್ಬ ಐತೇನ್ರಿ?" ಎಂದು ಗಾಬರಿಯಾದರು.